ದೊಡ್ಡಮ್ಮನ ಫೋನಿನಲ್ಲಿ ಮುಖ ಮೂಡಿಸಿದ್ದು

ಫೋನಿನ ವಿಷಯದಲ್ಲಿ ನಮ್ಮ ನೆಂಟರಿಷ್ಟರಿಗೆಲ್ಲ ನಾನೇ ಸುಪ್ರೀಂ ಕೋರ್ಟು. ಯಾರ ಫೋನು ಕೈಕೊಟ್ಟರೂ "ಆಫ್ ಮಾಡಿ ಆನ್ ಮಾಡಿ" ಎಂದು ತೀರ್ಪು ಕೊಡುತ್ತೇನೆ. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ. ಉಳಿದೆರಡು ಸಲ ಅವರು ಹೊಸ ಫೋನು ಕೊಂಡುಬಿಡುತ್ತಾರೆ. ಹೀಗಾಗಿ ನನ್ನ ಕೀರ್ತಿಗೆ ಕುಂದು ಬಂದಿರಲಿಲ್ಲ.

ಮಗಳ ಸೀಮಂತಕ್ಕೆ ದಿನ ಗೊತ್ತಾಯಿತು. ಅದೇ ವಾರ ನನ್ನ ಹೆಂಡತಿ ಸುಮಾ ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಶಿವಮೊಗ್ಗದ ನೆಂಟರನ್ನೆಲ್ಲ ನಾನೊಬ್ಬನೇ ಸುತ್ತಿ ಕರೆದು ಬಂದೆ. ಉಳಿದವರು ಒಬ್ಬರೇ, ಭದ್ರಾವತಿ ಕಾಗದನಗರದ ದೊಡ್ಡಮ್ಮ. ಸುಮಾಳನ್ನು ಸಾಕಿ ಬೆಳೆಸಿದವರು. ಮಗಳಿಗೆ ಮೊದಲ ಬಳೆ ಅವರೇ ತೊಡಿಸಬೇಕೆಂಬುದು ಸುಮಾಳ ಆಸೆ. ನಮ್ಮ ಮನೆಯಲ್ಲಿ ಆಸೆ ಎಂದರೆ ಆಜ್ಞೆ.

ಇಲ್ಲೊಂದು ಹಳೆಯ ಗಾಯವಿತ್ತು. ಹೋದ ವರ್ಷ ಗೃಹಪ್ರವೇಶಕ್ಕೆ ದೊಡ್ಡಮ್ಮನ ಫೋನಿಗೆ ಕಾರ್ಡು ಕಳಿಸಿ ಸುಮ್ಮನಾಗಿದ್ದೆವು. "ಬಾ ಅಂತ ಬಾಯಲ್ಲಿ ಕರೀದವರ ಮನೆಗೆ ನಾನು ಬರೋಳಲ್ಲ" ಎಂದು ಅವರು ಬರಲೇ ಇಲ್ಲ. ಅಂದು ಹಾಲುಕ್ಕಿಸುವಾಗ ಸುಮಾಳ ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದಲ್ಲ.

ಈ ಸಲ ದೊಡ್ಡಮ್ಮನೇ ಉದಾರವಾದರು. "ಆ ಕಾಲಿಟ್ಕೊಂಡು ಅವಳನ್ನ ಓಡಾಡಿಸ್ಬೇಡಿ ಅಳಿಯಂದ್ರೆ. ವಿಡಿಯೋದಲ್ಲಿ ಇಬ್ರೂ ಮುಖ ತೋರಿಸಿ ಕರೀರಿ, ಸಾಕು. ಬರ್ತೀನಿ."

ಇಷ್ಟೇ ತಾನೇ! ನಾನು ವಿಡಿಯೋ ಕಾಲ್ ಮಾಡಿದೆ. ಕಪ್ಪು ಪರದೆ. ಮತ್ತೆ ಮಾಡಿದೆ. ಕಪ್ಪು ಪರದೆ, ಜೊತೆಗೆ ಮೌನ. ಮೂರನೆಯ ಸಲ ರಿಂಗೇ ಆಗಲಿಲ್ಲ. ದೊಡ್ಡಮ್ಮನಿಗೆ ಏನಾದರೂ? ಕಳ್ಳರು ಫೋನಿನೊಳಗೆ ಹೊಕ್ಕರೇ? ಮಾಮೂಲಿ ಕಾಲ್ ಮಾಡಿದೆ. ದೊಡ್ಡಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು.

"ದೊಡ್ಡಮ್ಮಾ, ಸೆಟ್ಟಿಂಗ್ಸ್ ತೆಗೀರಿ."

"ಹೆಂಗೆ ತೆಗೀಲಿ? ಫೋನು ಕಿವೀಲಿದ್ರೆ ಸೆಟ್ಟಿಂಗ್ಸ್ ಕಾಣಲ್ಲ. ಕಣ್ಣೆದುರು ಹಿಡಿದ್ರೆ ನೀವು ಕೇಳ್ಸಲ್ಲ!"

ಎರಡು ದಿನ ಹೀಗೇ ನಡೆಯಿತು. ನಾನು ಹೇಳುವುದು, ಅವರು ಫೋನಿಟ್ಟು ಒತ್ತುವುದು, ಮತ್ತೆ ಫೋನ್ ಮಾಡಿ "ಟಾರ್ಚ್ ಹತ್ತಿಕೊಂಡಿದೆ, ಆರಿಸೋದು ಹೆಂಗೆ?" ಎನ್ನುವುದು. ಮೂರನೆಯ ದಿನ ನಾನು ಎದ್ದು ನಿಂತೆ. "ಸುಮಾ, ಸ್ಥಳಪರಿಶೀಲನೆ ಅನಿವಾರ್ಯ. ನಾನೇ ಭದ್ರಾವತಿಗೆ ಹೋಗಿ ರಿಪೇರಿ ಮಾಡಿ ಬರ್ತೀನಿ. ಸಂಜೆ ಆರಕ್ಕೆ ಇಬ್ರೂ ಕೂತು ವಿಡಿಯೋದಲ್ಲಿ ಕರೆಯೋಣ."

ಈ ಯೋಜನೆಯಲ್ಲಿ ಒಂದು ದೊಡ್ಡ ತೂತು ಇದೆಯೆಂದು ನೀವು ಕಂಡುಕೊಂಡಿರಬಹುದು. ನಾನು ಕಂಡಿರಲಿಲ್ಲ.

ಬಸ್ಸಿಳಿದು ದೊಡ್ಡಮ್ಮನ ಕ್ವಾರ್ಟರ್ಸ್ ತಲುಪಿದಾಗ ಅವರು ಒಳ್ಳೆಯ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದರು. ಕಾಫಿ ಕೊಟ್ಟರು. ಎದುರಿನ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕುಳಿತರು.

"ಮತ್ತೆ? ಮನೇಲಿ ಏನು ವಿಶೇಷ ಅಳಿಯಂದ್ರೆ?"

"ವಿಶೇಷ ಏನಿಲ್ಲ ದೊಡ್ಡಮ್ಮ. ನಿಮ್ಮ ಸ್ಟೋರೇಜ್ ಫುಲ್ಲಾಗಿದೆ."

ಶುಭೋದಯದ ಗುಲಾಬಿಗಳು ಸಾವಿರಾರು! ಅವನ್ನು ಅಳಿಸುವಷ್ಟರಲ್ಲಿ ನನ್ನ ಹೆಬ್ಬೆರಳು ಸವೆಯಿತು. ಆ್ಯಪ್ ಅಪ್‌ಡೇಟ್ ಮಾಡಿದೆ. ಕಪ್ಪು ಪರದೆ ಹಾಗೇ ಇತ್ತು. ಪರ್ಮಿಷನ್ ನೋಡಿದರೆ ಕ್ಯಾಮೆರಾ, ಮೈಕು, ಎಲ್ಲದಕ್ಕೂ ಬೀಗ.

"ಇದನ್ನೆಲ್ಲ ಯಾರು ಬಂದ್ ಮಾಡಿದ್ದು ದೊಡ್ಡಮ್ಮ?"

"ನೀವೇ ಅಲ್ವಾ ಹೇಳಿದ್ದು? ಕಳ್ಳರಿದಾರೆ, ಫೋನು ಏನೇ ಕೇಳಿದ್ರೂ 'ಬೇಡ' ಒತ್ತಿ ಅಂತ. ಕ್ಯಾಮೆರಾ ಕೊಡ್ಲಾ ಅಂತು, ಬೇಡ ಅಂದೆ. ಮೈಕ್ ಕೊಡ್ಲಾ ಅಂತು, ಬೇಡ ಅಂದೆ. ಪಾಪ, ಆಮೇಲೆ ಅದು ಕೇಳೋದೇ ಬಿಟ್ಬಿಡ್ತು."

ಹೌದು. ಪತ್ರಿಕೆಯಲ್ಲಿ ವಂಚನೆಯ ಸುದ್ದಿ ಓದಿ ಗಾಬರಿಯಾಗಿ ನಾನೇ ಹಾಗೆ ಹೇಳಿದ್ದೆ. ಅಪರಾಧಿ ಸಿಕ್ಕಿದ್ದ. ಅವನಿಗೆ ಆಗಲೇ ಊಟಕ್ಕೆ ಎಲೆ ಹಾಕಿದ್ದರು.

ಊಟದ ನಂತರ ಪರೀಕ್ಷೆ. ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು ಕಾಲ್ ಮಾಡಿದ ತಕ್ಷಣ ಕುಂಯ್ಯೆಂಬ ಕೂಗು ಎದ್ದು ಬೀದಿನಾಯಿಗಳೆಲ್ಲ ಉತ್ತರ ಕೊಟ್ಟವು. ಪಕ್ಕದ ಮನೆಯ ಸೆಲ್ವಣ್ಣ, ಕಾಗದದ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಟೆಸ್ಟರ್ ಹಿಡಿದು ಓಡಿಬಂದರು. "ಏನ್ ಸಾರ್, ಶಾರ್ಟಾ?" ನಾನು ವಿಷಯ ವಿವರಿಸಿದೆ. ಸೆಲ್ವಣ್ಣ ತಲೆ ಕೆರೆದುಕೊಂಡರು.

"ಅಂದ್ರೆ ಸಾರ್, ಅಮ್ಮನ ಹತ್ರ ಅಲ್ಲಿಂದ ಮಾತಾಡೋಕೆ ನೀವು ಇಲ್ಲಿಗೆ ಬಂದಿದೀರಾ?"

"ಕರೆಕ್ಟ್!" ಎಂದೆ ಹೆಮ್ಮೆಯಿಂದ.

ಆಮೇಲೆ ನಾನು ಬೀದಿಯ ಕೊನೆಗೆ ಹೋಗಿ ನಿಂತು ಕಾಲ್ ಮಾಡಿದೆ. ದೊಡ್ಡಮ್ಮನ ಮುಖ ಮೂಡಿತು! ಹಣೆಯ ಕುಂಕುಮದ ಸಮೇತ. "ಹೇಳಿ ಅಳಿಯಂದ್ರೆ" ಎಂದರು. "ಟೆಸ್ಟಿಂಗ್, ಟೆಸ್ಟಿಂಗ್" ಎಂದೆ.

ಹೊರಟಾಗ ಅವರು ಗೇಟಿನವರೆಗೂ ಬಂದರು. "ಹೊರಟ್ರಾ? ಏನೋ ಹೇಳೋದು ಬಾಕಿ ಇದ್ದಂಗಿತ್ತು?"

"ಹೌದು ದೊಡ್ಡಮ್ಮ, ಮರೆತಿದ್ದೆ. ಚಾರ್ಜು ಇಪ್ಪತ್ತರ ಕೆಳಗೆ ಇಳಿಸ್ಬೇಡಿ."

ಸಂಜೆ ಆರು. ಸುಮಾ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಪ್ಲಾಸ್ಟರ್ ಕಾಲನ್ನು ಪರದೆಗೆ ಕಾಣದಂತೆ ಸ್ಟೂಲಿನ ಮೇಲಿಟ್ಟು ಕುಳಿತಳು. ನಾನು ಶಲ್ಯ ಹೊದ್ದೆ. ಕಾಲ್ ಹೋಯಿತು. ಚಿತ್ರ ಕನ್ನಡಿಯಂತೆ, ಧ್ವನಿ ಗಂಟೆಯಂತೆ! ನಾನು ಮೀಸೆ ಸವರಿಕೊಂಡೆ.

"ದೊಡ್ಡಮ್ಮಾ, ಸೋಮವಾರ ಸೀಮಂತ. ನೀನೇ ಬಂದು ಮೊದಲ ಬಳೆ ತೊಡಿಸ್ಬೇಕು" ಎಂದಳು ಸುಮಾ.

ದೊಡ್ಡಮ್ಮ ಅಲುಗಾಡಲಿಲ್ಲ. ರೆಪ್ಪೆ ಸಹ ಮಿಟುಕಿಸಲಿಲ್ಲ.

"ಹ್ಯಾಂಗ್ ಆಯ್ತು ಅನ್ಸುತ್ತೆ" ಎಂದೆ. "ದೊಡ್ಡಮ್ಮಾ, ಕೇಳಿಸಿದ್ರೆ ಕೈ ಆಡಿಸಿ!"

"ಎಲ್ಲ ಕೇಳಿಸ್ತಿದೆ. ಕಾಣಿಸ್ತಾನೂ ಇದೆ" ಎಂದಿತು ಪರದೆ. "ಸುಮೀ, ನಿನ್ನ ಗಂಡ ಬೆಳಗ್ಗೆ ನನ್ನ ಮನೆಗೆ ಬಂದಿದ್ರು. ನಾಲ್ಕು ಗಂಟೆ ಕೂತಿದ್ರು. ಎರಡು ಸಲ ಕಾಫಿ ಕುಡಿದ್ರು, ಊಟ ಮಾಡಿದ್ರು. ಬಾಯಿ ಬಿಟ್ಟು ಬನ್ನಿ ಅನ್ನಲಿಲ್ಲ ಕಣೇ. ನಾನೇ ಕೇಳಿದೆ, ಏನು ವಿಶೇಷ ಅಂತ. ಏನಿಲ್ಲ ಅಂದ್ರು. ಮನೆಗೆ ಬಂದು ಕೂತವರು ಕರೀದೆ, ಊರಿಗೆ ಹೋಗಿ ಫೋನಲ್ಲಿ ಕರೀತಾರಾ?"

ಸುಮಾ ನಿಧಾನವಾಗಿ ನನ್ನತ್ತ ತಿರುಗಿದಳು. "ನೀವು ಕರೀಲೇ ಇಲ್ವಾ?"

"ಅದು... ಆಹ್ವಾನ ಆರು ಗಂಟೆಗೆ ಅಂತ ನಿಗದಿಯಾಗಿತ್ತಲ್ಲ."

ಅಷ್ಟರಲ್ಲಿ ಪರದೆಯಿಂದ ದೊಡ್ಡಮ್ಮ ಮಾಯವಾದರು. ಕೆಂಪು ಗುಂಡಿ ಒತ್ತುವುದನ್ನು ಆ ದಿನವೇ ಅವರಿಗೆ ಚೆನ್ನಾಗಿ ಕಲಿಸಿದ್ದೆ.

ಮಾರನೆಯ ಬೆಳಗ್ಗೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಸುಮಾ ಕಾಲು ನೀಡಿ ಕುಳಿತಳು. ಮುಂದೆ ಕುಂಕುಮದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು. ರಸ್ತೆಯ ಪ್ರತಿ ಉಬ್ಬಿಗೂ ಅವಳು "ಅಮ್ಮಾ" ಎಂದಾಗ ನಾನು ಒಂದಿಂಚು ಕುಗ್ಗುತ್ತಿದ್ದೆ. ಭದ್ರಾವತಿ ತಲುಪುವಾಗ ಹೆಚ್ಚೇನೂ ಉಳಿದಿರಲಿಲ್ಲ.

ಸೆಲ್ವಣ್ಣನ ಹೆಗಲು ಹಿಡಿದು ಕುಂಟುತ್ತಾ ಬಂದ ಸುಮಾಳನ್ನು ನೋಡಿದ್ದೇ ದೊಡ್ಡಮ್ಮ ಓಡಿಬಂದು ತಬ್ಬಿಕೊಂಡರು. "ಹುಚ್ಚೀ, ಈ ಕಾಲಲ್ಲಿ ಬರ್ತಾರೇನೇ!" ಇಬ್ಬರೂ ಅತ್ತರು. ಸುಮಾ ಕುಂಕುಮ ಕೊಟ್ಟು ಕರೆದಳು. "ನಾನಲ್ದೆ ಇನ್ಯಾರು ತೊಡಿಸ್ತಾರೆ ಬಳೆ? ಇವತ್ತೇ ನಿಮ್ಮ ಜೊತೆ ಹೊರಟೆ" ಎಂದರು ದೊಡ್ಡಮ್ಮ.

ಬದುಕಿದೆ ಎಂದುಕೊಂಡು ನಾನೂ ಮುಂದೆ ಬಂದೆ. ಎರಡೂ ಕೈ ಜೋಡಿಸಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಲು ಬಾಯಿ ತೆರೆದೆ.

ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವ್ಯಾಕೆ ಬಂದ್ರಿ ಅಳಿಯಂದ್ರೆ? ಫೋನು ಚೆನ್ನಾಗೇ ಇದೆಯಲ್ಲ!"