ಶನಿವಾರ ಹತ್ತರಿಂದ ಹನ್ನೆರಡು

ಆ ಶನಿವಾರದ ರಗಳೆಗೆಲ್ಲ ಮೂಲ ಪಕ್ಕದ ಅಂಗಡಿಯ ಕ್ಷೌರಿಕ. ಯಾರೂ ಕೇಳದಿದ್ದರೂ ಸಲಹೆ ಕೊಡುವುದು ಅವನ ಹುಟ್ಟುಗುಣ. ಟೈಲರ್ ತನ್ನ ಅಂಗಡಿಯ ಶಟರ್ ಎಳೆಯುತ್ತಿದ್ದುದನ್ನು ಕಂಡು, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿ ಬಂದ.

"ಅಲ್ಲಣ್ಣ, ಈ ಅಂಗೀಲಿ ಹೋಗ್ತೀಯಾ? ಇವತ್ತು ತಾನೇ ಮಕ್ಕಳ ಕೇಂದ್ರದ ಆಯಮ್ಮ ಕೋರ್ಟಿಗೆ ವರದಿ ಬರೆಯೋದು?"

"ಹೌದಪ್ಪ. ಒಗೆದ ಅಂಗೀನೇ ಇದು, ಏನಾಗಿದೆ?"

"ಕಾಲರ್ ನೋಡ್ಕೋ, ಕರು ಅಗಿದ ಹಾಗಿದೆ. ಒಂದು ಕೋಟು ಹಾಕ್ಕೊಂಡು ಜವಾಬ್ದಾರಿ ಇರೋ ಅಪ್ಪನ ಥರ ಹೋಗು. ಮಗಳು ಬೇಕೋ ಬೇಡ್ವೋ?"

ಬೇಡವೇ ಮತ್ತೆ! ಆದರೆ ಊರಿಗೆಲ್ಲ ಕೋಟು ಹೊಲಿದವನಿಗೆ ಸ್ವಂತದ್ದೊಂದು ಇರಲಿಲ್ಲ. ಗೂಟದಲ್ಲಿ ತೂಗುತ್ತಿದ್ದ ಗಿರಾಕಿಯ ಬೂದು ಕೋಟನ್ನೇ ಏರಿಸಿಕೊಂಡ. ಬಸ್ಸಿನ ಸೀಟಿಗೆ ಒರಗಿದಾಗ ಬೆನ್ನಿಗೆ ಚುರ್ ಎಂದಿತು. ಸೊಂಟ ಬಿಗಿ ಮಾಡಲು ಚುಚ್ಚಿದ್ದ ಗುಂಡುಪಿನ್ನುಗಳು! ತೆಗೆದರೆ ಅಳತೆ ಹೋಗುತ್ತದೆ; ಪ್ರಾಣ ಹೋದರೂ ಟೈಲರ್ ಅಳತೆ ಕಳೆಯುವುದುಂಟೇ? ನೆಟ್ಟಗೆ ಕೂತ.

ಹೆಂಡತಿ ಬೇರೆಯಾಗಿ ಎರಡು ವರ್ಷ. ಮೊದಮೊದಲು ಮಗಳು ವಾರಕ್ಕೊಂದು ದಿನ ಇವನ ಜೊತೆಗಿರುತ್ತಿದ್ದಳು. ಒಂದು ಸಂಜೆ ಅವಳು ಅಂಗಡಿಯ ಬಟ್ಟೆ ಗುಡ್ಡೆಯ ಮೇಲೆ ಮಲಗಿದ್ದನ್ನು ಮರೆತು, ತಡವಾದ ಬಟ್ಟೆ ತಲುಪಿಸುವ ಅವಸರದಲ್ಲಿ ಬೀಗ ಜಡಿದು ಹೋಗಿಬಿಟ್ಟ. ಮಗು ಒಂದು ಗಂಟೆ ಅಂಗಡಿಯೊಳಗೇ ಇತ್ತು. ಅಲ್ಲಿಂದ ಕೋರ್ಟಿನ ಅಪ್ಪಣೆ: ಮಕ್ಕಳ ಕೇಂದ್ರದ ಕೋಣೆಯಲ್ಲಿ, ಮೇಲ್ವಿಚಾರಕಿಯ ಕಣ್ಣೆದುರು, ಶನಿವಾರ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಭೇಟಿ. ಆರು ತಿಂಗಳ ಮೇಲೆ ವರದಿ ಚೆನ್ನಾಗಿ ಬಂದರೆ ಭಾನುವಾರವಿಡೀ ಮಗಳು ಇವನ ಮನೆಯಲ್ಲಿ. ಆ ಆರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು.

ಮೂವರೂ ಒಂದೇ ಸೂರಿನಡಿ ಇದ್ದ ಕಾಲ ಅವನಿಗೆ ನೆನಪಾಯಿತು. ಕತ್ತರಿಸುವ ಮೇಜಿನ ಕೆಳಗೆ ಚಿಂದಿ ಹರಡಿಕೊಂಡು ಮಗಳು 'ಮನೆ' ಕಟ್ಟುತ್ತಿದ್ದಳು. "ಅಪ್ಪಾ, ನಮ್ಮನೆಗೆ ಬಾ" ಅಂದರೆ "ಇದೊಂದು ಗುಂಡಿ ಕಾಜ ಮುಗಿಸಿ ಬಂದೆ ಪುಟ್ಟಿ" ಅನ್ನುತ್ತಿದ್ದ. ಕಾಜ ಮುಗಿಯುವಷ್ಟರಲ್ಲಿ ಆ ಮನೆಯ ಯಜಮಾನಿ ಮಿಷನ್ ಸದ್ದಿಗೇ ನಿದ್ದೆ ಹೋಗಿರುತ್ತಿದ್ದಳು. ಎಂಥ ದಿನಗಳು! ಕೈಯಲ್ಲಿದ್ದಾಗ ಬೆಲೆ ತಿಳಿಯಲಿಲ್ಲ.

ಕೇಂದ್ರದ ಕೋಣೆಯ ಬಾಗಿಲ ಪಕ್ಕದಲ್ಲಿ ಮೇಲ್ವಿಚಾರಕಿ ಎಂದಿನಂತೆ ನೋಟ್‌ಬುಕ್ ತೆರೆದು ಕೂತಿದ್ದರು. "ಅಪ್ಪಾ!" ಎಂದು ಏಳು ವರ್ಷದ ಮಗಳು ಕೈಚಾಚಿ ಓಡಿ ಬಂದಳು.

"ಹತ್ರ ಬರಬೇಡ ಪುಟ್ಟಿ!" ಎಂದು ಕೂಗಿ ಟೈಲರ್ ಮೇಜಿನ ಹಿಂದಕ್ಕೆ ಹಾರಿದ.

ಪೆನ್ನು ಸರಸರ ಓಡಿತು.

"ಏನು ಬರೆದ್ರಿ ಮೇಡಂ?"

"ಮಗು ಅಪ್ಪಿಕೊಳ್ಳಲು ಬಂದಾಗ ತಂದೆ ಓಡಿದರು."

"ಅಯ್ಯೋ, ಪಿನ್ನು ಮೇಡಂ! ಮಗೂಗೆ ಚುಚ್ಚುತ್ತೆ ಅಂತ!" ಅವನು ಕೋಟು ಕಳಚಿ ಒಳಗನ್ನು ತಿರುವಿ ತೋರಿಸಿದ. ಮೇಲ್ವಿಚಾರಕಿ ಎದ್ದು ಬಂದರು. ಒಳಜೇಬಿನ ಇಂಕಿನ ಕಲೆಯ ಮೇಲೆ ಅವರ ಕಣ್ಣು ನಿಂತಿತು.

"ಇದು ನಮ್ಮ ಯಜಮಾನರ ಕೋಟು!"

ಟೈಲರ್ ಕೋಟನ್ನು ಬೆನ್ನ ಹಿಂದೆ ಅಡಗಿಸಿದ.

"ನಾಲ್ಕು ತಿಂಗಳಿಂದ ಅವರಿಗೆ 'ನಾಳೆ ಬನ್ನಿ, ನಾಳೆ ಬನ್ನಿ' ಅಂತಿರೋ ಮಹಾನುಭಾವ ನೀವೇನಾ?"

"ನಾಳೆ ಅಂದ್ರೆ ನಮ್ಮಪ್ಪನೇ ಆಂಟಿ!" ಎಂದು ಮಗಳು ಹೆಮ್ಮೆಯಿಂದ ಸಾಕ್ಷಿ ಹೇಳಿದಳು.

ವರದಿ ಮಣ್ಣುಪಾಲಾಯಿತು, ಭಾನುವಾರ ಕೈಬಿಟ್ಟಿತು ಎಂದು ಅವನಿಗೆ ಖಾತ್ರಿಯಾಯಿತು. ಇನ್ನು ನಾಟಕ ಯಾರಿಗೆ ಬೇಕು? ನೆಲದ ಮೇಲೆ ಕಾಲು ಚಾಚಿ ಕೂತ. ಕುತ್ತಿಗೆಯಲ್ಲೇ ಮರೆತು ಬಂದಿದ್ದ ಟೇಪನ್ನು ಮಗಳು ಕಿತ್ತುಕೊಂಡು ಅವನ ಹೊಟ್ಟೆ, ಮೂಗು, ಕಿವಿಗಳ ಅಳತೆ ತೆಗೆದಳು.

"ನನ್ನ ಅಂಗಿ ಯಾವಾಗ ಸಿಗುತ್ತೆ ಟೈಲರಮ್ಮ?"

"ನಾಳೆ ಬನ್ರೀ! ಇಷ್ಟು ದೊಡ್ಡ ಹೊಟ್ಟೆಗೆ ಬಟ್ಟೆ ಸಾಲಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ವರ್ಷ ಇದನ್ನು ಬಿಟ್ಟು ಅದೆಷ್ಟು ಪ್ಯಾಂಟು ಹೊಲಿದೆನಪ್ಪಾ ಅನ್ನಿಸಿತು ಅವನಿಗೆ.

ಹನ್ನೆರಡಾಯಿತು. ಮೇಲ್ವಿಚಾರಕಿ ನಿಯಮದಂತೆ ಮಗುವನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಮಾತಾಡಿಸಿ, ಅಮ್ಮನ ಕೈಗೆ ಒಪ್ಪಿಸಿ ಬಂದರು. ಟೈಲರ್ ಗೋಡೆಗಾನಿಕೊಂಡು ನಿಂತಿದ್ದ.

"ವರದಿ ಚೆನ್ನಾಗೇ ಬರೆದಿದೀನಿ. ಇಷ್ಟು ಪ್ರೀತಿ ಇರೋ ಅಪ್ಪನ್ನ ಈ ಕೋಣೇಲಿ ಕಮ್ಮಿ ನೋಡಿದೀನಿ. ಪಿನ್ನಿನ ವಿಷಯಾನೂ ಸರಿಪಡಿಸಿದೀನಿ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಮೇಡಂ! ಹಾಗಾದ್ರೆ ಈ ಭಾನುವಾರದಿಂದ್ಲೇ..."

"ಇಲ್ಲ. ಮಗುವಿನ ಹಿತದೃಷ್ಟಿಯಿಂದ ಇನ್ನೂ ಆರು ತಿಂಗಳು ಇದೇ ಕೋಣೇಲಿ ಭೇಟಿ ಆಗಲಿ ಅಂತ ಬರೆದಿದೀನಿ. ಅದಕ್ಕೆ ನಿಮ್ಮ ಒಪ್ಪಿಗೆ ಸಹಿ ಬೇಕು."

"ಇದ್ಯಾವ ನ್ಯಾಯ ಮೇಡಂ? ಚೆನ್ನಾಗಿದ್ರೂ ಇಲ್ಲೇನಾ? ಯಾರು ಹೇಳಿದ್ದು ಹಿಂಗೆ?"

"ನಿಮ್ಮ ಮಗಳು. ಭಾನುವಾರ ಅಪ್ಪನ ಮನೆಗೆ ಹೋಗ್ತೀಯಾ ಅಂತ ಕೇಳಿದೆ. ಬೇಡ ಅಂದ್ಲು. ಯಾಕೆ ಅಂತ ಅವಳ ಮಾತಲ್ಲೇ ಬರ್ಕೊಂಡಿದೀನಿ." ಮೇಲ್ವಿಚಾರಕಿ ಹಾಳೆ ತಿರುವಿ ಮೆಲ್ಲಗೆ ಓದಿದರು: "'ಮನೇಲಿ ಅಪ್ಪಂಗೆ ಯಾವಾಗ್ಲೂ ಕೆಲಸ. ಇಲ್ಲಾದ್ರೆ ನೀವು ಬಾಗಿಲಲ್ಲೇ ಕೂತಿರ್ತೀರಲ್ಲ ಆಂಟಿ, ಅಪ್ಪಂಗೆ ನನ್ನ ಬಿಟ್ಟು ಎಲ್ಲಿಗೂ ಹೋಗೋಕಾಗಲ್ಲ.'"

ವಾದಿಸಲು ಬಾಯಿ ತೆರೆದಿದ್ದ ಟೈಲರ್ ಅವರ ಪೆನ್ನನ್ನು ಕೈಗೆತ್ತಿಕೊಂಡ. ಆಮೇಲೆ ಮೂಗೊರೆಸಿಕೊಂಡು ಕೇಳಿದ:

"ಸಹಿ ಎಲ್ಲಿ ಹಾಕ್ಬೇಕು ಮೇಡಂ?"