ಹಿತ್ತಿಲಿಗೆ ಬಂದ ಪರದೇಶಿ

ಈ ವಸಂತ ಮುಗಿಯುವುದರೊಳಗೆ ಹಕ್ಕಿಗಳೇ ತನ್ನನ್ನು ಗುರುತು ಹಿಡಿದು ಮಾತಾಡಿಸಬೇಕು, ಆ ಮಟ್ಟಕ್ಕೆ ಬೆಳೆಯುತ್ತೇನೆ ಎಂದು ನೀರಿನ ಲ್ಯಾಬಿನ ಸಾಹೇಬರು ಪಣ ತೊಟ್ಟರು. ಊರಿನ ನಲ್ಲಿ ನೀರನ್ನು ಪರೀಕ್ಷಿಸಿ, ಕುಡಿಯಲು ಯೋಗ್ಯವೋ ಅಲ್ಲವೋ ಎಂದು ತೀರ್ಪು ಕೊಡುವುದು ಅವರ ಉದ್ಯೋಗ. ಕಣ್ಣಿಗೆ ಕಾಣದ ಕ್ರಿಮಿಯನ್ನೇ ಹಿಡಿಯುವವನಿಗೆ ಕಣ್ಣೆದುರು ಹಾರುವ ಹಕ್ಕಿ ಯಾವ ಲೆಕ್ಕ ಎಂಬುದು ಅವರ ವಾದ. ದುಬಾರಿ ದುರ್ಬೀನು ಬಂತು. ಹಸಿರು ಪ್ಯಾಂಟು, ಹಸಿರು ಶರಟು, ಹಸಿರು ಟೋಪಿ ಸಿದ್ಧವಾದವು. ಅವನ್ನು ಹೊಲಿದುಕೊಟ್ಟವರು ಹೆಂಡತಿಯೇ. ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷೀನಿಟ್ಟುಕೊಂಡು ಆಕೆ ಶಾಲೆಯ ಮಕ್ಕಳಿಗೆ ನೀಲಿ ಸಮವಸ್ತ್ರ ಹೊಲಿಯುತ್ತಿದ್ದರು.

"ಚೆನ್ನಾಗಿದೆ. ಒಳ್ಳೇ ಸೊಪ್ಪಿನ ಕಟ್ಟಿನ ಹಾಗೆ ಕಾಣ್ತೀರಿ. ದನ ಮೇಯೋ ಕಡೆ ಮಾತ್ರ ಹೋಗಬೇಡಿ" ಎಂದು ಆಕೆ ಹರಸಿ ಕಳಿಸಿದರು.

ಮೊದಲ ದಂಡಯಾತ್ರೆ ಸಮುದ್ರತೀರಕ್ಕೆ. ಚಳಿಗಾಲ ಕಳೆಯಲು ಬಂದಿದ್ದ ಹಕ್ಕಿಗಳು ಉತ್ತರಕ್ಕೆ ಮರಳುವ ಮುನ್ನ ಮರಳಿನ ಮೇಲೆ ಗುಂಪುಗೂಡುವ ಕಾಲ ಅದು. ಹಕ್ಕಿ ನೋಡುವವರ ತಂಡ ಮೊಣಕಾಲೂರಿ, ಉಸಿರು ಬಿಗಿಹಿಡಿದು ಕೂತಿತ್ತು. ಎದುರಿಗೆ ದಡದುದ್ದಕ್ಕೂ ಹಕ್ಕಿಗಳ ಜಮಖಾನ ಹಾಸಿದಂತಿತ್ತು. ಆಗ ಸಾಹೇಬರು, ಉತ್ತರ ಗೊತ್ತಿರುವ ಏಕೈಕ ವಿದ್ಯಾರ್ಥಿಯಂತೆ ಧಿಗ್ಗನೆದ್ದು ಕೈಚಾಚಿ, "ಅಗೋ ಗೊರವ ಹಕ್ಕಿ! ಅಗೋ ಇನ್ನೊಂದು ಗೊರವ!" ಎಂದು ಘೋಷಿಸಿದರು.

ಜಮಖಾನ ಆಕಾಶಕ್ಕೆ ಹಾರಿತು. ತೀರದಲ್ಲಿ ಉಳಿದದ್ದು ಒಂದು ಏಡಿ. ಅದೂ ಬಿಲ ಸೇರುವ ಅವಸರದಲ್ಲಿತ್ತು.

ತಂಡದ ಮುಂದಾಳು ಊರಿನ ಹಲ್ಲಿನ ಡಾಕ್ಟರಮ್ಮ. ದಿನವಿಡೀ ಕಂಡವರ ಬಾಯಿ ನೋಡುವ ಆಕೆಗೆ ರಜೆಯಲ್ಲೂ ತೆರೆದ ಬಾಯಿ ಕಂಡರೆ ಸಹನೆ ಉಳಿಯುವುದಿಲ್ಲ. ಬರುವ ಭಾನುವಾರದ ಪ್ರಯಾಣವೇ ಈ ವರ್ಷದ ಕೊನೆಯದು, ಆಮೇಲೆ ಹಕ್ಕಿಗಳನ್ನು ನೋಡಲು ಮುಂದಿನ ಚಳಿಗಾಲದವರೆಗೆ ಕಾಯಬೇಕು, ವ್ಯಾನಿನಲ್ಲಿ ಉಳಿದಿರುವುದು ಒಂದೇ ಸೀಟು ಎಂದು ತಿಳಿಸಿದ ಆಕೆ, ಒಂದು ಷರತ್ತನ್ನೂ ಹಾಕಿದರು.

"ಮೊದಲು ನಿಮ್ಮ ಹಿತ್ತಿಲಲ್ಲಿ ತೆಪ್ಪಗೆ ಕೂತು ಕಲೀರಿ. ಹಕ್ಕಿಗೆ ತೊಂದರೆ ಕೊಡದೆ ಒಂದು ಗೂಡು ಹುಡುಕಿ ತೋರಿಸಿದವರಿಗೆ ಆ ಸೀಟು. ಶನಿವಾರ ಬಂದು ನೋಡ್ತೀನಿ."

ಸಾಹೇಬರಿಗೆ ಅದೃಷ್ಟ ಅಡುಗೆಮನೆಯ ಕಿಟಕಿಯಲ್ಲೇ ಕಾದಿತ್ತು. ಹಿತ್ತಿಲ ದಾಸವಾಳದ ಕೊಂಬೆಯಲ್ಲಿ ಕಂದು ಬಣ್ಣದ ಒಂದು ಉಂಡೆ. ಅದಕ್ಕೆ ಚಿಟಿಕೆ ಗಾತ್ರದ ಹಸಿರು ಹಕ್ಕಿಯೊಂದು ಬಂದು ಬಂದು ಜೋತುಬೀಳುತ್ತಿತ್ತು. ದುರ್ಬೀನು ಏರಿಸಿದರೆ ಎಲ್ಲವೂ ಮಂಜು ಮಂಜು. ಬಹುದೂರ ಕಾಣುವಂತೆ ಮಾಡಿದ ಆ ಯಂತ್ರಕ್ಕೆ ತೀರಾ ಹತ್ತಿರದ್ದು ಕಾಣುತ್ತಿರಲಿಲ್ಲ. ಆದರೆ ಸಾಹೇಬರು ದೋಷವನ್ನು ಯಂತ್ರದ ಮೇಲೆ ಹೊರಿಸದೆ, ಮಂಜಾಗಿ ಕಾಣುವುದೇ ಆ ಹಕ್ಕಿಯ ಲಕ್ಷಣವೆಂದು ತೀರ್ಮಾನಿಸಿದರು! ಹಕ್ಕಿಗಳ ಪುಸ್ತಕದ ಯಾವ ಚಿತ್ರಕ್ಕೂ ಅದು ಹೊಂದಲಿಲ್ಲ. ಅಂದಮೇಲೆ ಅದು ಪರದೇಶದ ಹಕ್ಕಿ, ಇಲ್ಲಿ ಗೂಡು ಕಟ್ಟಿದ್ದು ಇದೇ ಮೊದಲು, ಕಂಡವರೂ ತಾವೇ ಮೊದಲಿಗರು.

ಮನೆಯಲ್ಲಿ ತುರ್ತುಪರಿಸ್ಥಿತಿ ಜಾರಿಯಾಯಿತು. ದಾಸವಾಳದ ಹತ್ತಿರ ಯಾರೂ ಸುಳಿಯುವಂತಿಲ್ಲ. ಬಟ್ಟೆ ಒಗೆಯುವುದಿದ್ದರೆ ಬಡಿಯದೆ, ಮನವೊಲಿಸಿ ಒಗೆಯಬೇಕು. ಕುಕ್ಕರ್ ಸೀಟಿ ಹಾಕುವ ಸೂಚನೆ ಕಂಡೊಡನೆ ಒಲೆ ಆರಿಸಬೇಕು. ಹೀಗಾಗಿ ಅನ್ನ ದಿನವೂ ಅರೆಬೆಂದು ಅಕ್ಕಿಯ ನೆನಪು ಉಳಿಸಿಕೊಂಡೇ ತಟ್ಟೆಗೆ ಬರುತ್ತಿತ್ತು. ಹೊಲಿಗೆ ಮಷೀನು ಪೂರ್ತಿ ಬಂದ್. ಸಮವಸ್ತ್ರದ ಅಂಚನ್ನು ಹೆಂಡತಿ ಕೈಯಲ್ಲೇ ಹೊಲಿಯತೊಡಗಿದರು. ಎಲ್ಲಕ್ಕೂ ಮಿಗಿಲಾಗಿ, ಮಾತು ನಿಷಿದ್ಧ.

"ರೀ, ಆ ಗಿಡದಲ್ಲಿ ಇರೋದು..." ಎಂದು ಹೆಂಡತಿ ಆರಂಭಿಸುವಷ್ಟರಲ್ಲಿ ಸಾಹೇಬರು ತುಟಿಗೆ ಬೆರಳೊತ್ತಿದರು.

ಆಕೆ ಸೋಲದೆ ಕಿಟಕಿಯಾಚೆಯ ಉಂಡೆಯನ್ನು ತೋರಿಸಿ, ಒಂದು ಅಂಗೈಯ ಮೇಲೆ ಇನ್ನೊಂದು ಕೈಯನ್ನು ಗುಂಡಗೆ ತಿಕ್ಕಿ ತೋರಿಸಿದರು. ಪಾತ್ರೆ ತೊಳೆಯುವುದು ಬಾಕಿಯಿದೆ ಎಂದು ಸಾಹೇಬರು ಅರ್ಥಮಾಡಿಕೊಂಡರು. ಈ ಮಹಾಕಾರ್ಯದ ನಡುವೆ ಗೃಹಶಾಂತಿಯೂ ಮುಖ್ಯವಲ್ಲವೇ? ಒಂದೊಂದು ಪಾತ್ರೆಯನ್ನೂ ಟವೆಲಿನಲ್ಲಿ ಸುತ್ತಿ, ಲ್ಯಾಬಿನ ಗಾಜಿನ ಸಾಮಾನಿನಂತೆ ಸದ್ದಿಲ್ಲದೆ ತೊಳೆದು ಸಾಲಾಗಿ ಬೋರಲು ಹಾಕಿದರು.

ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಏನನ್ನೂ ಹೇಳಲು ಪ್ರಯತ್ನಿಸಲಿಲ್ಲ. ಪ್ರತಿ ಊಟವಾದ ಮೇಲೆ ಕೈ ತಿಕ್ಕಿ ತೋರಿಸುತ್ತಿದ್ದರು, ಅಷ್ಟೆ.

ಶನಿವಾರ ಡಾಕ್ಟರಮ್ಮ ಬಂದರು. ಸಾಹೇಬರು ಕಳಿಸಿದ್ದ ಪರದೇಶದ ಹಕ್ಕಿಯ ಸುದ್ದಿ ಕೇಳಿ, ವಲಸೆ ಹಕ್ಕಿ ಬಂದ ಕಡೆ ಗೂಡು ಕಟ್ಟುವುದಿಲ್ಲವಲ್ಲ ಎಂಬ ಅನುಮಾನವನ್ನು ಹೊತ್ತೇ ಬಂದಿದ್ದರು. ಹಕ್ಕಿ ದೂರ ಹೋಗುವವರೆಗೆ ಕಾದು, ದಾಸವಾಳದ ಬಳಿ ಸಾಗಿ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಉಂಡೆಯ ಕೆಳಗೆ, ಪಕ್ಕಕ್ಕೆ, ಹಿಂದಕ್ಕೆ ಹಿಡಿದು ನೋಡಿದರು. ಸಾಹೇಬರು ವ್ಯಾನಿನ ಆ ಸೀಟು ತಮ್ಮದೆಂದೇ ಭಾವಿಸಿದರು.

"ಇದು ಪಾತ್ರೆ ತಿಕ್ಕೋ ನಾರು" ಎಂದರು ಡಾಕ್ಟರಮ್ಮ.

"ಸಾಧ್ಯವೇ ಇಲ್ಲ! ಹಕ್ಕಿ ದಿನಾ ಬರುತ್ತೆ. ಕಣ್ಣಾರೆ ನೋಡಿದ್ದೀನಿ."

"ಬರುತ್ತೆ. ಬರೋವಾಗ ಕೊಕ್ಕಲ್ಲಿ ಏನಿತ್ತು? ಹೋಗೋವಾಗ ಏನಿತ್ತು?"

ಮಂಜಿನಲ್ಲಿ ಕೊಕ್ಕು ಎಲ್ಲಿ ಕಂಡಿತ್ತು? ಸಾಹೇಬರು ಹೆಂಡತಿಯತ್ತ ತಿರುಗಿದರು. "ಇವಳೇ, ನಿನಗೆ ಗೊತ್ತಿತ್ತಾ?"

"ಒಣಗಲಿ ಅಂತ ಸಿಕ್ಕಿಸಿದ್ದೇ ನಾನು. ಮಾತಾಡಬೇಡ ಅಂದಿದ್ರಲ್ಲ, ಈಗ ಹೇಳಬಹುದಾ?"

ಡಾಕ್ಟರಮ್ಮ ಅಪ್ಪಣೆ ಕೊಟ್ಟರು. ಹೆಂಡತಿ ಅವರನ್ನು ಹೊಲಿಗೆ ಕೋಣೆಯೊಳಗೆ ಕರೆದೊಯ್ದು ಮಷೀನಿನ ಪಕ್ಕದ ಕಿಟಕಿ ತೋರಿಸಿದರು. ಹೊರಗೆ ಅಂಜೂರದ ಗಿಡದಲ್ಲಿ ಎರಡು ಎಲೆಗಳನ್ನು ಅಂಚಿಗೆ ಅಂಚು ಕೂಡಿಸಿ ಅಚ್ಚುಕಟ್ಟಾಗಿ ಹೊಲಿಗೆ ಹಾಕಿತ್ತು. ಹೊಲಿಗೆಯ ದಾರ ನೀಲಿ.

"ಸಿಂಪಿಗ" ಎಂದು ಡಾಕ್ಟರಮ್ಮ ಪಿಸುಗುಟ್ಟಿದರು. ಎಲೆ ಹೊಲಿದು ಗೂಡು ಮಾಡುವ, ನಮ್ಮ ನಿಮ್ಮೆಲ್ಲರ ಹಿತ್ತಿಲ ಹಕ್ಕಿ!

"ನಾನು ಗಡಗಡ ಮಷೀನ್ ತುಳೀತಿದ್ದಾಗಲೇ ಕಟ್ಟೋಕೆ ಶುರುಮಾಡ್ತು. ಕತ್ತರಿಸಿದ ದಾರದ ಚೂರೆಲ್ಲ ಎತ್ಕೊಂಡು ಹೋಗೋದು. ನಡುನಡುವೆ ಆ ನಾರೂ ಎಳ್ಕೊಂಡು ಹೋಗ್ತಿತ್ತು. ಇವರು ಮಷೀನ್ ನಿಲ್ಲಿಸಿದ್ರು ನೋಡಿ, ದಾರ ಸಿಗದೆ ಪಾಪ ದಿನವಿಡೀ ಅದಕ್ಕೇ ಜೋತುಬಿತ್ತು."

ಒಳಗೆ ಮೊಟ್ಟೆಗಳಿದ್ದವು. ಡಾಕ್ಟರಮ್ಮನ ಮುಖದಲ್ಲಿ, ಹುಳುಕಿಲ್ಲದ ಹಲ್ಲಿನ ಸಾಲು ಕಂಡಾಗಿನ ಬೆಳಕು ಮೂಡಿತು. ಭಾನುವಾರ ಬೆಳಗ್ಗೆ ಬೇಗ ಸಿದ್ಧರಾಗಿರಬೇಕೆಂದು ಅವರು ಹೇಳಿದ್ದು ಹೆಂಡತಿಗೆ.

ಹೆಂಡತಿ ಗಂಡನ ಮುಖ ನೋಡಿದರು. "ಇವರಿಗೇ ತುಂಬ ಆಸೆ ಇತ್ತು, ಡಾಕ್ಟರೇ" ಎಂದು ತಾವೇ ಶಿಫಾರಸು ಮಾಡಿದರು.

ಅದೇ ಸಮಯವೆಂದು, ತಮ್ಮ ಅಹವಾಲು ಸಲ್ಲಿಸಲು ಸಾಹೇಬರು ಅಗಲವಾಗಿ ಬಾಯಿ ತೆರೆದರು.

"ಹಾಗೇ ಇರಿ, ಮುಚ್ಚಬೇಡಿ" ಎಂದ ಡಾಕ್ಟರಮ್ಮ ಅವರ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಬಲಗಡೆ, ಕೆಳಗಿನ ಕೊನೇ ಹಲ್ಲು. ಇಲ್ಲೂ ಒಂದು ಗೂಡಾಗಿದೆ ನೋಡಿ. ನಾಳೆ ಅವರು ಬರಲಿ, ನಾಡಿದ್ದು ನೀವು ಬನ್ನಿ."