ಜೋಳದ ಹಿಟ್ಟಿನ ಗುಂಡುಗಳು

ಭಾನುವಾರ, ಬೆಳಿಗ್ಗೆ ಏಳು ಗಂಟೆ, ಜೇವರ್ಗಿಯ ನಮ್ಮ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ನೆಲೋಗಿಯಿಂದ ಬಂದಿದ್ದ ನನ್ನ ಷಡ್ಡಕ. ಷಡ್ಡಕ ಹಾಜರಿದ್ದ ಎಂದು ಬರೆಯಲು ಕೈ ತಡೆಯುತ್ತದೆ. ದೇಹ ಒಲೆಯ ಮುಂದಿತ್ತು, ಬುದ್ಧಿ ಎಲ್ಲೋ ಮೈಲುಗಟ್ಟಲೆ ದೂರ ಹಾರುತ್ತಿತ್ತು!

ನಾನು ನಿವೃತ್ತ ಡ್ರಿಲ್ ಮಾಸ್ತರ. ಏಳಕ್ಕೆ ರೊಟ್ಟಿ ಎಂದರೆ ಏಳಕ್ಕೇ ರೊಟ್ಟಿ. ಆದರೆ ಅಂದು ಹೆಂಚಿನ ಮೇಲೆ ಬೇಯುತ್ತಿದ್ದದ್ದೇನು? ರೈಫಲ್ ಗುಂಡುಗಳು! ಷಡ್ಡಕ ಜೋಳದ ಹಿಟ್ಟು ನಾದಿ ಮಾಡಿದ ಮಾದರಿಗಳು. ಕೆಲವು ಮೋಟು, ಕೆಲವು ಉದ್ದ. ಉದ್ದನೆಯವಕ್ಕೆ ಮೂತಿ ಚೂಪು, ಬಾಲ ಸಣ್ಣ.

ಹಾಸ್ಟೆಲಿನಲ್ಲಿದ್ದ ಅವನ ಮಗಳಿಗೆ ಮರುದಿನ ಪರವೂರಿನಲ್ಲಿ ದೂರಗುರಿಯ ರೈಫಲ್ ತಂಡದ ಆಯ್ಕೆ. ಹೋದ ಸಲ ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳಿ ಅವಳ ಆಯ್ಕೆ ತಪ್ಪಿತ್ತು. ಈ ಸಲ ಯಾವ ಗುಂಡು ಒಳ್ಳೆಯದೆಂದು ಸಂಜೆಯೊಳಗೆ ಹೇಳುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ಇವನೇನು ಸೈನ್ಯದಲ್ಲಿದ್ದನೇ? ಇಲ್ಲ! ತೊಗರಿ ಬೆಳೆಯುವವನು. ಬಂದೂಕು ಮುಟ್ಟಿದವನೂ ಅಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದ್ದಾನೆ, ಅಷ್ಟೇ.

"ಅಣ್ಣಾರ, ಉದ್ದಂದು ಭಾರ ಅದ. ಸಾವಕಾಶ ಹೊರಡ್ತದ, ಆದ್ರ ಗಾಳಿಗೆ ಜಗ್ಗಂಗಿಲ್ಲ ನೋಡ್ರಿ. ಮೋಟಂದು ಜೋರ್ ಹೊರಟು ಹಾದ್ಯಾಗ ದಣೀತದ."

ಗುಂಡಿಗೂ ದಣಿವೇ! ಭಾರವಾದದ್ದು ಬೇಗ ನೆಲಕ್ಕೆ ಬೀಳಬೇಡವೇ? ಕೇಳಿದ್ದೇ ತಪ್ಪಾಯಿತು. ನನ್ನನ್ನು ಮಾಳಿಗೆಗೆ ಎಳೆದೊಯ್ದು, ರಾಶಿ ತೂರುವಂತೆ ಮೊರದಿಂದ ತೊಗರಿಕಾಳು, ಹೊಟ್ಟು ಎರಡನ್ನೂ ಗಾಳಿಗೆ ತೂರಿದ. ಕಾಳು ಕಾಲ ಬುಡದಲ್ಲೇ ಬಿತ್ತು. ಹೊಟ್ಟು ಹೋಗಿ ಪಕ್ಕದ ಮನೆಯ ಹಪ್ಪಳದ ಮೇಲೆ ಕೂತಿತು.

"ಭಾರ ಇದ್ದದ್ದನ್ನ ಗಾಳಿ ಒಯ್ಯಂಗಿಲ್ಲ. ತಿಳೀತೇನ್ರಿ?"

ತಿಳಿದದ್ದು ಪಕ್ಕದ ಮನೆಯವರ ಬಾಯಿ ಎಷ್ಟು ದೂರ ಕೇಳುತ್ತದೆ ಎನ್ನುವುದೊಂದೇ!

"ಪರೀಕ್ಷಾ ಅಕಿಗೋ, ನಮಗೋ?" ಎಂದು ಹೆಂಡತಿ ಕೆಳಗಿನಿಂದ ಕೂಗಿದಳು.

ಸಂಜೆ ಫೋನಿನಲ್ಲಿ ಅವನು ತೀರ್ಪು ಕೊಟ್ಟ: "ಉದ್ದಂದೇ ಒಯ್ಯವಾ!"

"ಅಪ್ಪಾ, ಅದು ನನ್ನ ರೈಫಲ್‌ಗೆ ಆಗಂಗಿಲ್ರಿ," ಎಂದಳು ಮಗಳು. "ನಳಿಗಿ ಒಳಗಿನ ಸುರುಳಿ ಗೀರು ಅಷ್ಟು ಉದ್ದದ ಗುಂಡನ್ನ ಬೇಕಾದಷ್ಟು ತಿರುಗಸಂಗಿಲ್ಲ. ಹಾದ್ಯಾಗ ಲಾಗ ಹೊಡೀತದ. ಮೋಟಂದೇ ಒಯ್ಯಾಕತ್ತೇನಿ."

ಇಡೀ ದಿನದ ವಿಜ್ಞಾನ ಮುಗಿದೇ ಹೋಯಿತು!

"ಭೇಷ್," ಎಂದು ಫೋನ್ ಇಟ್ಟ.

ಆಮೇಲೆ ಉದ್ದನೆಯ ಗುಂಡೊಂದನ್ನು ಮುರಿಯುತ್ತ ಕೂತ.

"ಬ್ಯಾಸರಾತೇನಪಾ?" ಎಂದೆ.

"ಇಲ್ರಿ ಅಣ್ಣಾರ. ಅಕಿ ಹೆದರ್ಯಾಳ, ದನಿಯಾಗ ಗೊತ್ತಾತು. ನಾ ಫೋನ್ ಹಚ್ಚಿದ್ರ ಬಾಯಾಗ ಬರೇ ಗುಂಡಿನ ಮಾತೇ ಬರ್ತದ. ನೀವು ಹಚ್ರಿ. ಉಂಡಿಯೇನವಾ ಅಂತ ಕೇಳ್ರಿ."

ಸ್ಪೀಕರ್ ಹಾಕಿ ಕೇಳಿದೆ.

"ಉಂಡೇನ್ರಿ ದೊಡ್ಡಪ್ಪ. ಅಪ್ಪ ಉಂಡಾರೇನು? ಅವ್ರು ಉಂಡಿಲ್ಲಂದ್ರ ನನಗ ನಿದ್ದಿ ಬರಂಗಿಲ್ಲ."

ಅವನು ಮುಖ ಗೋಡೆಯ ಕಡೆ ತಿರುಗಿಸಿದ.

ಹೆಂಡತಿ ಬಿಸಿ ರೊಟ್ಟಿ ಬಡಿದಳು. ತಟ್ಟೆ ಖಾಲಿಯಾಗುವವರೆಗೂ ನಾನು ಅವನೆದುರು ಕೂತಿದ್ದೆ. ಆಮೇಲೆ ಮತ್ತೆ ಫೋನ್ ಹಚ್ಚಿ, "ಉಂಡಾನವಾ, ಮಲಗು," ಎಂದೆ. ಅಂದಿನ ಕೊನೆಯ ಕೆಲಸ ಅದು.